ಥಂಡಿಯ ತಂಬು, ಪ್ರೇಮದ ಆಟ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಿಗೆ ಸಿನಿಮಾ ಬಂದದ್ದು ಹೆಚ್ಚಾಗಿ ಟೂರಿಂಗ್ ಟಾಕೀಸಿನ ತಂಬುವಿನಲ್ಲಿ. ಮಳೆಗಾಲದ ಎರೆಮಣ್ಣಿನ ಕೆಸರಿನಲ್ಲಿ ತಂಬು ನಿಲ್ಲದು. ದೀಪಾವಳಿ ದಾಟಿ ಥಂಡಿ ಹತ್ತಿದ ಮೇಲೆಯೇ ಆಟಕ್ಕೆ ಕಳೆ. ಹೊಲದಲ್ಲಿ ಹಿಂಗಾರಿ ಬಿಳಿಜೋಳ ನಿಂತಿರುವಾಗ ಜನ ಕಂಬಳಿ, ಕೌದಿ ಹೊದ್ದು ನೆಲದ ಮೇಲೆ ಕೂರುತ್ತಿದ್ದರು. ಒಂದೇ ಪ್ರೊಜೆಕ್ಟರ್ ಇದ್ದಲ್ಲಿ ರೀಲು ಬದಲಿಸಲು ಆಟ ನಿಲ್ಲುತ್ತಿತ್ತು. ನಾಯಕ-ನಾಯಕಿಯರ ವಿರಹ ಅಷ್ಟು ಹೊತ್ತು ಹೆಚ್ಚೇ ಆಗುತ್ತಿತ್ತು.

ಪ್ರೇಮಕಥೆ ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ ಅದು ಕೊಲೆಯಲ್ಲಿ ಮುಗಿಯುತ್ತದೆ. ರಾಜಕುಮಾರ್ ಅಭಿನಯದ ‘ಎರಡು ಕನಸು’ (1974) ಬೇರೆ ದಾರಿ ಹಿಡಿಯಿತು: ಹಳೆಯ ಪ್ರೀತಿ ಮರೆಯದ ಗಂಡ ಕೊನೆಗೆ ಹೆಂಡತಿಯತ್ತ ತಿರುಗುತ್ತಾನೆ. ಸಂಸಾರಸ್ಥರೂ ಮುಜುಗರವಿಲ್ಲದೆ ನೋಡಬಹುದಾದ ಪ್ರೇಮವಿದು. ಮುಂದೆ ಟಿವಿ, ವಿಸಿಆರ್ ಬಂದಂತೆ ತಂಬುಗಳು ಒಂದೊಂದಾಗಿ ಎದ್ದುಹೋದವು.