ಕಚ್ಚಾತೈಲದಿಂದ ವಿದ್ಯುತ್: ಸೌದಿ ಅರೇಬಿಯದ ಇಂಧನ ಬೆಲೆನೀತಿಯ ಒಂದು ಪರಿಶೀಲನೆ

1973ರ ತೈಲ ಬಿಕ್ಕಟ್ಟಿನ ನಂತರ ಬಹಳಷ್ಟು ದೇಶಗಳು ವಿದ್ಯುತ್ತಿಗಾಗಿ ಎಣ್ಣೆ ಉರಿಸುವುದನ್ನು ಕಡಿಮೆ ಮಾಡುತ್ತ ಬಂದವು. ಸೌದಿ ಅರೇಬಿಯದಲ್ಲಿ ಮಾತ್ರ, 2009ರಿಂದ 2013ರವರೆಗಿನ ಬೇಸಿಗೆಗಳಲ್ಲಿ ದಿನಕ್ಕೆ ಸರಾಸರಿ 7 ಲಕ್ಷ ಬ್ಯಾರೆಲ್ ಕಚ್ಚಾತೈಲ ನೇರವಾಗಿ ವಿದ್ಯುತ್ ಸ್ಥಾವರಗಳಿಗೆ ಹೋಯಿತು. 2014ರ ಜುಲೈಯಲ್ಲಿ ಅದು 9 ಲಕ್ಷ ಮುಟ್ಟಿತು. ಎಣ್ಣೆ ಹೇರಳವಾಗಿದೆ, ಆದ್ದರಿಂದ ಉರಿಸುತ್ತಾರೆ ಎಂಬ ವಿವರಣೆ ಸಾಲದು. ಅನಿಲದ ಕೊರತೆ ಈ ಪದ್ಧತಿಯನ್ನು ಹುಟ್ಟುಹಾಕಿತು, ಒಳದೇಶದ ಬೆಲೆ ಅದನ್ನು ಉಳಿಸಿತು ಎಂಬುದು ನನ್ನ ವಾದ.

ಸೌದಿಯ ಅನಿಲದಲ್ಲಿ ದೊಡ್ಡ ಪಾಲು ತೈಲದ ಜೊತೆಗೇ ಬಾವಿಯಿಂದ ಬರುವಂಥದ್ದು. ಒಪೆಕ್ ಒಪ್ಪಂದದಂತೆ ತೈಲೋತ್ಪಾದನೆ ತಗ್ಗಿಸಿದರೆ ಈ ಅನಿಲವೂ ತಗ್ಗುತ್ತದೆ. ಆ ಕೊರತೆ ತುಂಬಲು ಮತ್ತೆ ಕಚ್ಚಾತೈಲವೇ ಬೇಕು. ಮೇಲಾಗಿ ನಿಕ್ಷೇಪಗಳಿರುವುದು ಪೂರ್ವದಲ್ಲಿ. ಜಿದ್ದಾ, ಮೆಕ್ಕಾಗಳಿರುವುದು ಪಶ್ಚಿಮದಲ್ಲಿ. ಕೆಂಪು ಸಮುದ್ರದ ದಂಡೆಯ ಶುಐಬಾದಲ್ಲಿ ಸುಮಾರು 5,600 ಮೆಗಾವಾಟ್ ಸಾಮರ್ಥ್ಯದ ತೈಲ ಸ್ಥಾವರ ಎದ್ದದ್ದು ಈ ಹಿನ್ನೆಲೆಯಲ್ಲಿ.

ಕಚ್ಚಾತೈಲವನ್ನು ಗ್ಯಾಸ್ ಟರ್ಬೈನಿಗೆ ಉಣಿಸುವುದು ಸಲೀಸಲ್ಲ. ಮೊದಲು ಎಣ್ಣೆಯನ್ನು ನೀರಿನಲ್ಲಿ ತೊಳೆದು ಸೋಡಿಯಂ ಲವಣಗಳನ್ನು ತೆಗೆಯಬೇಕು. ವೆನೇಡಿಯಂ ಹಾಗೆ ತೊಳೆದರೆ ಹೋಗುವುದಿಲ್ಲ. ಉರಿದಾಗ ಹುಟ್ಟುವ ಅದರ ಆಕ್ಸೈಡ್ ಸುಮಾರು 690 ಡಿಗ್ರಿ ಸೆಲ್ಸಿಯಸ್ಸಿಗೇ ಕರಗಿ, ಟರ್ಬೈನಿನ ಅಲಗುಗಳಿಗೆ ಅಂಟಿ ಲೋಹವನ್ನು ತಿನ್ನುತ್ತದೆ. ಮೆಗ್ನೀಸಿಯಂ ಬೆರೆಸಿದರೆ ಅಷ್ಟು ಶಾಖಕ್ಕೆ ಕರಗದ ಬೂದಿಯಾಗುತ್ತದೆ ನಿಜ, ಆದರೆ ಆ ಬೂದಿ ಅಲಗುಗಳ ಮೇಲೆ ಪದರಗಟ್ಟುತ್ತದೆ. ಆಗ ಯಂತ್ರ ನಿಲ್ಲಿಸಿ, ಆರಲು ಬಿಟ್ಟು, ನೀರು ಹಾಯಿಸಿ ತೊಳೆಯಬೇಕು. ಇಷ್ಟು ಪಾಡುಪಟ್ಟು ಉರಿಸುವ ಇಂಧನ ಅಗ್ಗ ಎನ್ನಿಸಿದ್ದು ಹೇಗೆ?

ಉತ್ತರ ಲೆಕ್ಕದಲ್ಲಿದೆ. 2015ರ ಕೊನೆಯವರೆಗೂ ಸ್ಥಾವರಗಳಿಗೆ ಬ್ಯಾರೆಲ್ ಸಿಗುತ್ತಿದ್ದದ್ದು 4 ಡಾಲರಿನ ಆಸುಪಾಸಿನಲ್ಲಿ. ಒಂದು ಬ್ಯಾರೆಲಿನಲ್ಲಿ ಸುಮಾರು 1,700 ಯೂನಿಟ್ಟಿನಷ್ಟು ಶಾಖವಿರುತ್ತದೆ. ಹಳೆಯ ಉಗಿ ಸ್ಥಾವರ ಅದರ ಮೂರನೆಯ ಒಂದು ಭಾಗವನ್ನಷ್ಟೇ ವಿದ್ಯುತ್ತಾಗಿಸುತ್ತದೆ. ಅದೇ ಬ್ಯಾರೆಲನ್ನು 100 ಡಾಲರಿಗೆ ರಫ್ತು ಮಾಡಬಹುದಾಗಿದ್ದ ವರ್ಷಗಳಲ್ಲಿ ಪ್ರತಿ ಯೂನಿಟ್ಟಿಗೆ ಸುಟ್ಟ ಎಣ್ಣೆಯ ಬೆಲೆಯೇ ಸುಮಾರು 18 ಸೆಂಟ್. ಮನೆಬಳಕೆಯ ಮೊದಲ ಹಂತದ ದರವಾದರೋ 5 ಹಲಲಾ, ಅಂದರೆ 1.3 ಸೆಂಟ್. ಈ ದರದಲ್ಲಿ ಗೋಡೆಗೆ ಶಾಖನಿರೋಧಕ ಹಾಕಿಸಲು, ಒಳ್ಳೆಯ ಎ.ಸಿ. ಕೊಳ್ಳಲು ಯಾರಿಗೂ ಕಾರಣವಿರಲಿಲ್ಲ. ಸಂಶೋಧಕರಾದ ಗ್ಲಾಡಾ ಲಾನ್ ಮತ್ತು ಪಾಲ್ ಸ್ಟೀವನ್ಸ್ 2011ರಲ್ಲೇ ಲಂಡನ್ನಿನ ಅಧ್ಯಯನ ಸಂಸ್ಥೆ ಚಾಥಮ್ ಹೌಸ್‌ನ ವರದಿಯಲ್ಲಿ, ಒಳಬಳಕೆ ಹೀಗೇ ಬೆಳೆದರೆ ದೇಶದ ರಫ್ತಿಗೇ ಕುತ್ತು ಎಂದು ಎಚ್ಚರಿಸಿದ್ದರು.

ಅದೇ ಶುಐಬಾದಲ್ಲಿ 600 ಮೆಗಾವಾಟ್ ಸೌರಸ್ಥಾವರಕ್ಕೆ 2021ರಲ್ಲಿ ಯೂನಿಟ್ಟಿಗೆ 1.04 ಸೆಂಟ್ ದರ ನಿಗದಿಯಾಯಿತು. ಆದರೂ ರಾತ್ರಿಯ ಎ.ಸಿ. ಹೊರೆಯನ್ನು ಸೌರಫಲಕಗಳು ಹೊರಲಾರವು. ಅದಕ್ಕೆ ಅನಿಲವೋ ಬ್ಯಾಟರಿಯೋ ಬೇಕೇ ಬೇಕು. ಹಾಗಾಗಿ ಹೊಸ ಸ್ಥಾವರಗಳಿಗಿಂತ 2018ರ ದರಪರಿಷ್ಕರಣೆಯೇ ಹೆಚ್ಚು ಮಹತ್ವದ್ದೆಂದು ನಾನು ಭಾವಿಸುತ್ತೇನೆ. ಅಂದು ಮನೆಬಳಕೆಯ ಮೊದಲ ಹಂತದ ದರ 18 ಹಲಲಾಕ್ಕೇರಿತು. ಕಡಿಮೆ ಆದಾಯದ ಕುಟುಂಬಗಳ ಖಾತೆಗೆ ಪರಿಹಾರಧನ ಜಮೆಯಾಗುವ ಏರ್ಪಾಡು ಅದಕ್ಕೂ ತುಸು ಮುಂಚೆಯೇ ಶುರುವಾಗಿತ್ತು.