ಕಾರಿನ ರೇಡಿಯೇಟರ್‌ಗೆ ನಲ್ಲಿ ನೀರು ಸಾಕೇ? ಮೊದಲ ಸಲ ಬಾನೆಟ್ ತೆರೆಯುವ ಮುನ್ನ ಇದನ್ನು ಓದಿ

"ಕೂಲೆಂಟ್ ಬೇಕಾಗಿರುವುದು ಹಿಮ ಬೀಳುವ ದೇಶಗಳಿಗೆ. ನಮ್ಮ ಬೆಂಗಳೂರಿಗೆ ನಲ್ಲಿ ನೀರೇ ಸಾಕು, ಸರ್ವಿಸ್‌ನವರು ಸುಮ್ಮನೆ ದುಡ್ಡು ಕೀಳುತ್ತಾರೆ." ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲೂ ಆಗಾಗ ಕೇಳಿಬರುವ ಮಾತಿದು. ಸ್ವಂತವಾಗಿ ಕಾರು ರಿಪೇರಿ ಕಲಿಯಲು ಹೊರಟವರು ಮೊದಲು ಕೈಹಾಕುವುದೂ ಹೆಚ್ಚಾಗಿ ಇದಕ್ಕೇ. ಪಾನಾ ಬೇಡ, ಜಾಕ್ ಬೇಡ, ಮುಚ್ಚಳ ತೆಗೆದು ಸುರಿದರಾಯಿತು ಎಂಬ ಧೈರ್ಯ.

ಈ ಮಾತು ಅರ್ಧ ನಿಜ. ಬೆಂಗಳೂರಿನಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಆದರೆ ಹೆಪ್ಪುಗಟ್ಟದಂತೆ ತಡೆಯುವುದು ಕೂಲೆಂಟ್‌ನ ಒಂದು ಕೆಲಸ ಮಾತ್ರ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ನೀರಿನ ಕುದಿಯುವ ಬಿಂದುವನ್ನು ಏರಿಸುತ್ತದೆ. ಅದರಲ್ಲಿ ಬೆರೆಸಿದ ಬೇರೆ ರಾಸಾಯನಿಕಗಳು ಎಂಜಿನ್ನಿನೊಳಗಿನ ಅಲ್ಯೂಮಿನಿಯಂ, ಕಬ್ಬಿಣ ತುಕ್ಕು ಹಿಡಿಯದಂತೆ ಕಾಯುತ್ತವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 100 ಅಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅಂದರೆ ಕುದಿಬಿಂದುವಿನ ಲೆಕ್ಕದಲ್ಲಿ ಮಂಗಳೂರಿನವರಿಗಿಂತ ನಮಗೇ ಕೂಲೆಂಟ್ ಸ್ವಲ್ಪ ಹೆಚ್ಚು ಬೇಕು!

ಇನ್ನು ನಲ್ಲಿ ನೀರು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಬಹಳಷ್ಟು ಅಪಾರ್ಟ್‌ಮೆಂಟ್‌ಗಳ ನಲ್ಲಿಯಲ್ಲಿ ಬರುವುದು ಕಾವೇರಿಯಲ್ಲ, ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು. ನಗರದ ಅಂಚಿನ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದೇ 2024ರ ಅಕ್ಟೋಬರ್‌ನಲ್ಲಿ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಗಡಸು ನೀರು ಏನು ಮಾಡುತ್ತದೆಂದು ತಿಳಿಯಲು ಪ್ರಯೋಗಾಲಯ ಬೇಡ, ಮನೆಯ ಗೀಸರ್ ಕಾಯಿಲ್ ನೋಡಿ ಸಾಕು. ಅದೇ ಬಿಳಿ ಗಟ್ಟಿ ಪದರ ರೇಡಿಯೇಟರ್‌ನ ಸಣ್ಣ ಕೊಳವೆಗಳೊಳಗೂ ಕೂರುತ್ತದೆ. ಪದರ ಕೂತಷ್ಟೂ ಶಾಖ ಹೊರಹೋಗುವುದು ಕಡಿಮೆ. ಆರ್‌ಒ ಯಂತ್ರ ಹೊರಬಿಡುವ ತ್ಯಾಜ್ಯ ನೀರನ್ನಂತೂ ಸುರಿಯಲೇಬೇಡಿ. ನೆಲ ಒರೆಸಲು ಅದು ಸರಿ, ಆದರೆ ಅದರಲ್ಲಿ ಲವಣ ಇನ್ನೂ ಹೆಚ್ಚು.

ನಿಜವಾದ ಅಪಾಯ ಮುಚ್ಚಳದಲ್ಲಿದೆ

ಸಿಲ್ಕ್ ಬೋರ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಸುಮಾರು 10 ಕಿ.ಮೀ. ಮೇಲ್ಸೇತುವೆಯಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿತು ಎಂದುಕೊಳ್ಳಿ. ಗಾಬರಿಯಲ್ಲಿ ಕೈ ನೇರ ಮುಚ್ಚಳಕ್ಕೆ ಹೋಗುತ್ತದೆ. ಆದರೆ ಅದು ಬಾಟಲಿ ಮುಚ್ಚಳವಲ್ಲ, ಕುಕ್ಕರ್ ಮುಚ್ಚಳ. ಒಳಗೆ ವಾತಾವರಣಕ್ಕಿಂತ ಸುಮಾರು ಒಂದು ಪಟ್ಟು ಹೆಚ್ಚು ಒತ್ತಡವಿರುತ್ತದೆ. ಆ ಒತ್ತಡದಿಂದಲೇ 110 ಡಿಗ್ರಿ ದಾಟಿದರೂ ದ್ರವ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಬಿದ್ದು ಅದರ ಒಂದು ಭಾಗ ತಟ್ಟನೆ ಆವಿಯಾಗಿ, ಉಳಿದ ಕುದಿನೀರನ್ನು ನಿಮ್ಮ ಮುಖ, ಕೈಗಳ ಮೇಲೆ ಎರಚುತ್ತದೆ. ದಪ್ಪ ಬಟ್ಟೆ ಹಿಡಿದುಕೊಂಡರೆ ಪರವಾಗಿಲ್ಲ ಎಂಬ ಸಲಹೆಯನ್ನು ನಂಬಬೇಡಿ, ಬಟ್ಟೆ ಆ ರಭಸವನ್ನು ತಡೆಯುವುದಿಲ್ಲ.

ಎಸಿ ಆಫ್ ಮಾಡಿ, ಹಜಾರ್ಡ್ ದೀಪ ಹಾಕಿ, ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ. ನಿಲ್ಲಿಸುವವರೆಗೆ ಹೀಟರ್ ಪೂರ್ತಿ ಹಾಕಿದರೆ ಎಂಜಿನ್ನಿನ ಶಾಖ ಸ್ವಲ್ಪ ಒಳಕ್ಕೆ ಬರುತ್ತದೆ. ನೀವು ಬೆವರುತ್ತೀರಿ, ಎಂಜಿನ್ ಉಳಿಯುತ್ತದೆ. ನಂತರ ಎಂಜಿನ್ ಆಫ್ ಮಾಡಿ ಕಾಯಿರಿ. ಅರ್ಧ ಗಂಟೆಯಲ್ಲ, ರಬ್ಬರ್ ಹೋಸ್ ಮುಟ್ಟಿದರೆ ತಣ್ಣಗಿದೆ ಎನ್ನಿಸುವವರೆಗೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನೇ ತಿರುಗುವುದುಂಟು, ಬೆರಳು ದೂರವಿರಲಿ.

ಬಿಸಿ ನೀರು ಎರಚಿತೆಂದರೆ ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಇಂಕು, ಐಸ್ ಯಾವುದೂ ಬೇಡ. ಮುಖ, ಕಣ್ಣಿಗೆ ತಗುಲಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಹಾಗಾದರೆ ನಾವೇ ತುಂಬಿಸಬಾರದೇ?

ಖಂಡಿತ ತುಂಬಿಸಬಹುದು. ಬೆಳಗ್ಗೆ, ಕಾರು ರಾತ್ರಿಯಿಡೀ ನಿಂತು ತಣ್ಣಗಾಗಿರುವಾಗ. ಬಿಳಿ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಕನಿಷ್ಠ, ಗರಿಷ್ಠ ಗೆರೆಗಳಿರುತ್ತವೆ, ಅವುಗಳ ನಡುವೆ ಬರುವಷ್ಟು ಹಾಕಿ. ಕೆಲವು ಕಾರುಗಳಲ್ಲಿ ಈ ಡಬ್ಬಿಯೂ ಒತ್ತಡದಲ್ಲಿರುತ್ತದೆ, ಆದ್ದರಿಂದ ಬಿಸಿಯಿದ್ದಾಗ ಅದನ್ನೂ ಮುಟ್ಟಬೇಡಿ. ಹಸಿರು, ಗುಲಾಬಿ ಎಂದು ಬಣ್ಣ ನೋಡಿ ಕೊಳ್ಳುವುದು ತಪ್ಪು. ಬಣ್ಣಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ನಿಯಮವಿಲ್ಲ, ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಕೇಳಿ. ಸಾಂದ್ರ ಕೂಲೆಂಟ್ ಆದರೆ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು, ರೆಡಿ ಮಿಕ್ಸ್ ಆದರೆ ಹಾಗೇ ಸುರಿಯಬಹುದು. ದಾರಿಯಲ್ಲಿ ಬೇರೇನೂ ಸಿಗದಿದ್ದರೆ, ಎಂಜಿನ್ ತಣಿದ ಮೇಲೆ ಕುಡಿಯುವ ನೀರು ಹಾಕಿ ಗ್ಯಾರೇಜ್ ತಲುಪುವುದು ತಪ್ಪಲ್ಲ. ಹಾಗೇ ವರ್ಷಗಟ್ಟಲೆ ಓಡಿಸುವುದು ತಪ್ಪು.

ನೆಲಕ್ಕೆ ಚೆಲ್ಲಿದರೆ ತಕ್ಷಣ ಒರೆಸಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ಬೀದಿ ನಾಯಿಗಳು ನೆಕ್ಕುತ್ತವೆ, ಮಕ್ಕಳು ಬಾಯಿಗೆ ಹಾಕಿಕೊಳ್ಳಬಹುದು. ಸ್ವಲ್ಪವೇ ಹೊಟ್ಟೆಗೆ ಹೋದರೂ ಕಿಡ್ನಿ ಕೆಡಿಸುವ ವಿಷವಿದು. ಉಳಿದದ್ದನ್ನು ನೀರಿನ ಬಾಟಲಿಯಲ್ಲಿ ಎತ್ತಿಡಬೇಡಿ. ಯಾರಾದರೂ ಕುಡಿದಿದ್ದರೆ ವಾಂತಿ ಮಾಡಿಸದೆ, ಡಬ್ಬಿ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ತುಂಬಿಸಿದ ಒಂದೆರಡು ವಾರದಲ್ಲೇ ಮಟ್ಟ ಮತ್ತೆ ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಜೊತೆಗೆ ಸೈಲೆನ್ಸರ್‌ನಿಂದ ನಿಲ್ಲದ ಬಿಳಿ ಹೊಗೆ ಬರುತ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆಯಿದೆ. ಆಗ ಕಾರು ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.