ಕನ್ನಡ ನಾಡಿನ ಬಾಲಶಿಕ್ಷಣದ ಉಪಕರಣಗಳು: ಮಳಲಿನಿಂದ ಮೊಬೈಲಿನವರೆಗೆ

‘ಕಡತ’ವೆಂಬ ಶಬ್ದವು ಈಗ ಕಚೇರಿಯ ಕಾಗದಪತ್ರಗಳ ಕಟ್ಟು ಎಂಬ ಅರ್ಥದಲ್ಲಿಯೇ ಹೆಚ್ಚಾಗಿ ಬಳಕೆಯಲ್ಲಿದೆ. ಇನ್ನೂರು ವರ್ಷಗಳ ಹಿಂದೆ ಈ ಶಬ್ದವನ್ನು ಕೇಳಿದವನ ಕಣ್ಣ ಮುಂದೆ ನಿಲ್ಲುತ್ತಿದ್ದ ವಸ್ತುವು ಬೇರೆಯಾಗಿದ್ದಿತು. ಅರಿವೆಯನ್ನು ಗಂಜಿಯಿಂದ ಬಿರುಸುಗೊಳಿಸಿ, ಇದ್ದಿಲಿನ ಪುಡಿಯನ್ನೂ ಅಂಟನ್ನೂ ಕೂಡಿಸಿ ಬಳಿದು, ಪುಸ್ತಕದಂತೆ ಮಡಿಕೆಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯಲು ಅಣಿಗೊಳಿಸಿದ ಕಪ್ಪು ಹಾಳೆಗಳ ಕಟ್ಟೇ ಕಡತವು. ವರ್ತಕರ ಲೆಕ್ಕಗಳಿಗೆ ಇದು ಆಧಾರವಾಗಿದ್ದಿತೆಂದು ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸನು ೧೮೧೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿರುತ್ತಾನೆ. ಶೃಂಗೇರಿಯ ಮಠದಲ್ಲಿ ಉಳಿದು ಬಂದ ಕಡತಗಳು ಚರಿತ್ರಕಾರರಿಗೆ ಬಹೂಪಕಾರಕವಾಗಿವೆಯೆಂಬುದನ್ನು ವಿದ್ವಾಂಸರು ಬಲ್ಲರು.

ಇದೇ ಕಡತವು ಮಕ್ಕಳ ಕೈಯಲ್ಲಿಯೂ ಇದ್ದಿತು. ಆದರೆ ಮಠಗಳ ಕಡತಗಳು ಕಾಪಿಡುವುದಕ್ಕಾಗಿ ಬರೆದವು. ಮಕ್ಕಳ ಕಡತಗಳು ಅಳಿಸುವುದಕ್ಕಾಗಿಯೇ ಬರೆದವು. ಬೆಳಗ್ಗೆ ತಿದ್ದಿದ ಅಕ್ಷರವು ಸಂಜೆಯೊಳಗೆ ಒದ್ದೆಯ ಬಟ್ಟೆಯಿಂದ ಒರಸಿಹೋಗುತ್ತಿದ್ದಿತು. ಹೀಗಾಗಿ ನಮ್ಮ ನಾಡಿನ ಬಾಲಶಿಕ್ಷಣದ ಉಪಕರಣಗಳ ಚರಿತ್ರೆಗೆ ಆ ಉಪಕರಣಗಳೇ ಸಾಕ್ಷ್ಯವನ್ನು ನುಡಿಯುವುದು ಅಪೂರ್ವ. ನೋಡಿದವರು ಬರೆದಿಟ್ಟ ಮಾತುಗಳನ್ನೇ ಆಶ್ರಯಿಸಬೇಕಾಗಿದೆ. ಶಾಲೆಯಲ್ಲಿಯೂ ಮನೆಯಲ್ಲಿಯೂ ಮಕ್ಕಳ ಕೈಗೆ ಹೊಸ ಯಂತ್ರಗಳು ಬಂದಿರುವ ಈ ಕಾಲದಲ್ಲಿ, ಉಪಕರಣವು ಕಲಿಕೆಯನ್ನು ಎಷ್ಟರಮಟ್ಟಿಗೆ ನಿರ್ಣಯಿಸುತ್ತದೆಂಬ ಪ್ರಶ್ನೆಯು ಎಲ್ಲೆಡೆಯೂ ಕೇಳಿಬರುತ್ತಿರುವುದರಿಂದ, ಆ ಹಳೆಯ ಸಾಕ್ಷ್ಯಗಳನ್ನು ಮತ್ತೊಮ್ಮೆ ಪರಿಶೀಲಿಸುವುದು ನಿಷ್ಪ್ರಯೋಜನವಾಗಲಾರದು.

ಇವುಗಳಲ್ಲಿ ಅತ್ಯಂತ ರಮ್ಯವಾದುದು ಇಟಲಿಯ ಯಾತ್ರಿಕನಾದ ಪಿಯೆತ್ರೊ ದೆಲ್ಲ ವಾಲೆಯದು. ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಪೋರ್ಚುಗೀಸರ ನಿಯೋಗವು ೧೬೨೩ರಲ್ಲಿ ಹೊರಟಾಗ ಈತನು ಅದರೊಡನೆ ಬಂದನು. ಆ ವರ್ಷದ ನವೆಂಬರಿನಲ್ಲಿ, ದಾರಿಯ ಒಂದು ದೇವಾಲಯದ ಮೊಗಸಾಲೆಯಲ್ಲಿ ನಾಲ್ವರು ಬಾಲಕರು ಕುಳಿತು ಲೆಕ್ಕವನ್ನು ಅಭ್ಯಾಸಮಾಡುತ್ತಿದ್ದುದನ್ನು ಕಂಡು ಬೆರಗಾದನು. ನೆಲದ ಮೇಲೆ ನುಣ್ಣನೆಯ ಮಳಲನ್ನು ಹರಡಿದ್ದರು. ಒಬ್ಬನು ಪಾಠವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮಳಲಿನ ಮೇಲೆ ಬರೆಯುವನು. ಉಳಿದ ಮೂವರೂ ಅದನ್ನೇ ಹಾಡಿ ಅದನ್ನೇ ಬರೆಯುವರು. ನೆಲವು ತುಂಬಿದೊಡನೆ ಅಳಿಸಿ, ಹೊಸ ಮಳಲನ್ನು ಚೆಲ್ಲಿ ಮುಂದುವರಿಯುವರು. ಅಲ್ಲಿ ಗುರುವಿರಲಿಲ್ಲ. ತಪ್ಪಿದರೆ ತಿದ್ದುವವರಾರೆಂದು ಯಾತ್ರಿಕನು ಕೇಳಲು, ನಾಲ್ವರೂ ಒಂದೇ ಎಡೆಯಲ್ಲಿ ತಪ್ಪುವುದು ಆಗಲಾರದೆಂದೂ, ಒಬ್ಬನು ಮರೆತರೆ ಮಿಕ್ಕವರು ತಿದ್ದುವರೆಂದೂ, ಅದಕ್ಕಾಗಿಯೇ ಕೂಡಿ ಅಭ್ಯಾಸಮಾಡುವುದೆಂದೂ ಆ ಬಾಲಕರು ಉತ್ತರವಿತ್ತರು. ಈ ಉತ್ತರವು ಸರಿಯೆಂದು ಯಾತ್ರಿಕನೂ ಒಪ್ಪಿರುತ್ತಾನೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಯಾತ್ರಿಕನ ಕಣ್ಣನ್ನು ಸೆಳೆದುದು ಮಳಲು. ಬಾಲಕರು ತಮ್ಮ ಪದ್ಧತಿಗೆ ಕೊಟ್ಟ ಕಾರಣವಾದರೋ ಮಳಲಲ್ಲ, ನಾಲ್ವರ ಕೂಟ. ಮಳಲು ಅಳಿಸಿಹೋಗುವ ವಸ್ತುವಾದುದರಿಂದ ಪಾಠವು ನಿಲ್ಲಬೇಕಾದ ಸ್ಥಳವು ನೆನಪು. ನೆನಪಿಗೆ ಕಾವಲಾಗಿದ್ದುದು ಪಕ್ಕದಲ್ಲಿ ಕುಳಿತ ಇನ್ನೊಬ್ಬನ ನೆನಪು.

ಇದಾದ ಸರಿಯಾಗಿ ಇನ್ನೂರು ವರ್ಷಗಳಿಗೆ, ೧೮೨೩ರ ಆಗಸ್ಟ್ ೧೭ರಂದು, ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು ತನ್ನ ಜಿಲ್ಲೆಯ ಪಾಠಶಾಲೆಗಳ ಸಂಗತಿಯನ್ನು ಮದರಾಸಿನ ರೆವಿನ್ಯೂ ಬೋರ್ಡಿಗೆ ಬರೆದು ಕಳುಹಿಸಿದನು. ಗವರ್ನರನಾದ ಮನ್ರೋವಿನ ೧೮೨೨ರ ಆಜ್ಞೆಯಂತೆ ನಡೆದ ವಿಚಾರಣೆಯ ಅಂಗವಿದು. ಮಕ್ಕಳ ಉಪಕರಣಗಳ ಕ್ರಮವು ಈ ವರದಿಯಲ್ಲಿ ಸ್ಪಷ್ಟವಾಗಿ ನಿರೂಪಿತವಾಗಿದೆ. ಮೊದಲು ಬೆರಳಿನಿಂದ ಮಳಲಿನ ಮೇಲೆ. ಅನಂತರ ಹಲಗೆ ಅಥವಾ ಕಡತದ ಮೇಲೆ ಬಳಪದಿಂದ. ಓಲೆಯ ಮೇಲೆ ಕಬ್ಬಿಣದ ಕಂಠದಿಂದ. ಕಾಗದದ ಮೇಲೆ ಲಾಳದ ಲೇಖನಿಯಿಂದ. ಆ ಪ್ರಾಂತದಲ್ಲಿ ಹಲಗೆ ಮತ್ತು ಕಡತಗಳೇ ಹೆಚ್ಚು ಬಳಕೆಯವು. ಹಲಗೆಯು ಒಂದು ಅಡಿ ಅಗಲ, ಮೂರು ಅಡಿ ಉದ್ದದ ಮರದ ತುಂಡು. ಅದಕ್ಕೆ ಅನ್ನವನ್ನೂ ಇದ್ದಿಲನ್ನೂ ಸವರಿದರೆ ಸಾಕು. ಮನೆಯ ಒಲೆಯಲ್ಲಿಯೂ ಅಂಗಳದಲ್ಲಿಯೂ ದೊರೆಯದ ವಸ್ತುವೊಂದೂ ಇದಕ್ಕೆ ಬೇಕಾಗಿರಲಿಲ್ಲ. ಶಾಲೆಯ ಉಪಕರಣವೇ ಮನೆಯ ಉಪಕರಣವೂ ಆಗಿದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಮುಂದುವರಿದ ವಿದ್ಯಾರ್ಥಿಗಳು ಹಿಂದಿನವರಿಗೆ ಪಾಠ ಹೇಳುತ್ತ ತಮ್ಮ ಪಾಠವನ್ನೂ ಗಟ್ಟಿಮಾಡಿಕೊಳ್ಳುವ ಕ್ರಮವನ್ನೂ, ಬರವಣಿಗೆಯನ್ನು ಕಲಿಸುವಲ್ಲಿನ ಮಿತವ್ಯಯವನ್ನೂ ಕ್ಯಾಂಬೆಲ್ಲನು ಮೆಚ್ಚಿ, ಇಂಗ್ಲೆಂಡಿನವರು ಇದನ್ನು ಅನುಕರಿಸಿದುದು ಯುಕ್ತವೆಂದಿದ್ದಾನೆ. ಈ ಅನುಕರಣದ ಕಥೆಯು ಪ್ರಸಿದ್ಧವಾದುದು. ೧೭೮೯ರಲ್ಲಿ ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡ ಆಂಡ್ರೂ ಬೆಲ್ಲನು, ಅಲ್ಲಿನ ಒಂದು ‘ಮಲಬಾರ್’ ಶಾಲೆಯ ಮಕ್ಕಳು ಮಳಲಿನಲ್ಲಿ ಬರೆಯುವುದನ್ನು ಕಂಡು, ತನ್ನ ಶಾಲೆಯಲ್ಲಿಯೂ ಅದನ್ನು ಆಚರಣೆಗೆ ತಂದನು. ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸುವ ಕ್ರಮವನ್ನು ಅದರೊಡನೆ ಬೆಳೆಸಿ, ೧೭೯೭ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಿಂದ ಪ್ರಕಟಿಸಿದನು. ಜೋಸೆಫ್ ಲ್ಯಾಂಕಾಸ್ಟರನು ೧೭೯೮ರಿಂದ ಲಂಡನ್ನಿನಲ್ಲಿ ನಡೆಸಿದ ಶಾಲೆಗಳೂ ಇದೇ ಬಗೆಯವು. ಅಂದಿನ ಮದರಾಸಿನ ಆಂಗ್ಲರು ತಮಿಳರನ್ನೂ ಮಲಬಾರಿಗಳೆಂದೇ ಕರೆಯುತ್ತಿದ್ದುದರಿಂದ, ಬೆಲ್ಲನು ಕಂಡುದು ಕನ್ನಡ ಶಾಲೆಯೆಂದು ಹೇಳಲು ಆಧಾರವಿಲ್ಲ. ಆದರೆ ಅವನಿಗಿಂತ ಒಂದೂವರೆ ಶತಮಾನದಷ್ಟು ಹಿಂದೆಯೇ ಇಕ್ಕೇರಿಯ ದಾರಿಯಲ್ಲಿ ಇಂಥದೇ ಆಚರಣೆಯಿದ್ದಿತೆಂಬುದು ದೆಲ್ಲ ವಾಲೆಯ ಮಾತಿನಿಂದ ಸಿದ್ಧವಾಗಿದೆ.

ಸಮುದ್ರವನ್ನು ದಾಟಿದ ಮೇಲೆ ಈ ಪದ್ಧತಿಯ ಸ್ವರೂಪವು ಬೇರೆಯಾಯಿತು. ಬಳ್ಳಾರಿಯ ಶಾಲೆಗಳಲ್ಲಿ ಒಂದೊಂದಕ್ಕೆ ಸರಾಸರಿ ಹನ್ನೆರಡು ಮಕ್ಕಳು. ಹಿರಿಯನು ಕಿರಿಯನ ಪಕ್ಕದಲ್ಲಿ ಕುಳಿತು ಅವನ ಬೆರಳನ್ನು ನೋಡಬಲ್ಲನು. ಲ್ಯಾಂಕಾಸ್ಟರನ ಶಾಲೆಯಲ್ಲಿ ಒಬ್ಬ ಉಪಾಧ್ಯಾಯನ ಕೈಕೆಳಗೆ ನೂರಾರು ಮಕ್ಕಳು. ಸಾಲುಸಾಲಾಗಿ ಕುಳಿತು ಆಜ್ಞೆಯಾದೊಡನೆ ಮಳಲಿನ ತಟ್ಟೆಯ ಮೇಲೋ ಕಲ್ಲುಹಲಗೆಯ ಮೇಲೋ ಬರೆಯುವುದು. ಮಳಲು ಅದೇ, ಬೆರಳು ಅದೇ. ಕೂಟವು ಮಾತ್ರ ಯಂತ್ರವಾಯಿತು. ಮಿತವ್ಯಯವನ್ನು ನೋಡಿ ಕೊಂಡುಹೋದವರಿಗೆ ಮಿತವ್ಯಯವೇ ದಕ್ಕಿತು.

ನಮ್ಮ ಪದ್ಧತಿಯನ್ನು ಪರದೇಶದವರು ಅನುಕರಿಸಿದರೆಂಬ ಮಾತನ್ನು ಎತ್ತಿ ಹೇಳುವವರು ಬಹುಮಂದಿ. ಅದೇ ವರದಿಯ ಮಿಕ್ಕ ಭಾಗವನ್ನೂ ಓದಿ ಹೇಳುವವರು ವಿರಳ. ಕ್ಯಾಂಬೆಲ್ಲನು ಕೊಟ್ಟ ಲೆಕ್ಕದಂತೆ ಜಿಲ್ಲೆಯ ಜನಸಂಖ್ಯೆ ೯,೨೭,೮೫೭. ವಿದ್ಯಾಸ್ಥಾನಗಳು ೫೩೩: ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ೧, ಬ್ರಾಹ್ಮಣರಿಗೆ ಮಾತ್ರವೇ ತೆರೆದ ಸಂಸ್ಕೃತದವು ೨೩. ವಿದ್ಯಾರ್ಥಿಗಳು ೬,೬೪೧, ಎಂದರೆ ಸಾವಿರ ಜನಕ್ಕೆ ಏಳಕ್ಕಿಂತ ಸ್ವಲ್ಪವೇ ಹೆಚ್ಚು. ಈ ೬,೬೪೧ರಲ್ಲಿ ಬಾಲಿಕೆಯರು ಅರುವತ್ತು.

ಈ ಅಂಕಿಗಳು ಮಳಲಿನ ಪ್ರಶಂಸೆಯ ಪಕ್ಕದಲ್ಲಿಯೇ ಇರತಕ್ಕವು. ಮಳಲಿಗೆ ಬೆಲೆಯಿರಲಿಲ್ಲ, ಅದು ಹೊಳೆಯ ದಂಡೆಯಲ್ಲಿ ಎಲ್ಲರಿಗೂ ಬಿದ್ದಿದ್ದಿತು. ಬೆರಳಿಗೆ ತೆರಿಗೆಯಿರಲಿಲ್ಲ. ಉಪಕರಣದ ಸೌಲಭ್ಯವೇ ವಿದ್ಯೆಯ ಸೌಲಭ್ಯವಾಗಿದ್ದರೆ ಬಳ್ಳಾರಿಯ ಪ್ರತಿಯೊಂದು ಮಗುವೂ ಓದು ಬಲ್ಲುದಾಗಿರಬೇಕಾಗಿದ್ದಿತು. ಹಾಗಾಗಲಿಲ್ಲ. ಅನೇಕ ಗ್ರಾಮಗಳಲ್ಲಿ ಮೊದಲಿದ್ದ ಶಾಲೆಗಳು ಆಗ ಇಲ್ಲವಾಗಿದ್ದುದಕ್ಕೆ ಜನರ ದಾರಿದ್ರ್ಯವು ಕಾರಣವೆಂದು ಕ್ಯಾಂಬೆಲ್ಲನೇ ಹೇಳಿದ್ದಾನೆ. ಗುರುವಿಗೆ ಕೊಡಲು ಕಾಳಿಲ್ಲದ ಮನೆಯ ಮಗುವಿಗೆ ಮಳಲಿದ್ದೂ ಪ್ರಯೋಜನವಿರಲಿಲ್ಲ. ದಾರಿದ್ರ್ಯವಿಲ್ಲದ ಮನೆಗಳಲ್ಲಿಯೂ ಜಾತಿಯ ಕಟ್ಟು, ಹೆಣ್ಣೆಂಬ ತಡೆ ಇವು ಮಗುವನ್ನು ಹೊಸ್ತಿಲಿನಿಂದ ಈಚೆಗೆ ಬಿಡಲಿಲ್ಲ. ಇನ್ನೊಂದು ದೋಷವನ್ನೂ ಆತನು ತೋರಿಸಿದ್ದಾನೆ. ಮಕ್ಕಳು ಕಂಠಪಾಠಮಾಡುತ್ತಿದ್ದ ಪದ್ಯಗಳ ಭಾಷೆಯು ಆಡುಮಾತಿಗಿಂತ ತೀರ ಬೇರೆಯಾಗಿದ್ದು, ಅರ್ಥವು ಮಕ್ಕಳಿಗೂ ಅನೇಕವೇಳೆ ಗುರುವಿಗೂ ತಿಳಿಯದೆ, ಓದು ಗಿಳಿಯ ಓದಾಗಿದ್ದಿತು. ನೆನಪಿಗೆ ಕಾವಲಿದ್ದರೆ ಸಾಲದು, ಅರ್ಥವನ್ನು ಕೇಳುವವರೂ ಬೇಕೆಂದಾಯಿತು. ಪಂಡಿತವರ್ಗವು ಈ ಆಕ್ಷೇಪವನ್ನು ಪರಕೀಯನ ಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಳೆಯ ಪಾಠಶಾಲೆಗಳನ್ನು ಬಲ್ಲವರಿಗೆ ಅದರ ಸತ್ಯವು ತಿಳಿದೇ ಇದೆ.

ಅಚ್ಚಿನ ಪುಸ್ತಕವೂ ಕಲ್ಲುಹಲಗೆಯೂ ಬಂದು ಕಡತವನ್ನು ಹಿಂದೆ ಸರಿಸಿದ ಕಾಲವನ್ನು ದಾಟಿ, ಇಪ್ಪತ್ತನೆಯ ಶತಮಾನದ ಒಂದು ಪ್ರಯೋಗವನ್ನು ನೋಡಬಹುದು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ, ಅಮೆರಿಕದವರಿಂದ ಒಂದು ವರ್ಷದ ಮಟ್ಟಿಗೆ ಎರವಲಾಗಿ ದೊರೆತ ಉಪಗ್ರಹದ ಮೂಲಕ, ಭಾರತದ ಆರು ರಾಜ್ಯಗಳ ಸುಮಾರು ೨,೪೦೦ ಗ್ರಾಮಗಳಿಗೆ ದೂರದರ್ಶನದ ಪಾಠಗಳು ಪ್ರಸಾರವಾದವು. ಕರ್ಣಾಟಕದಲ್ಲಿ ಬಿಜಾಪುರ, ಗುಲಬರ್ಗ, ರಾಯಚೂರು ಜಿಲ್ಲೆಗಳ ಗ್ರಾಮಗಳು ಇದಕ್ಕೆ ಆಯ್ಕೆಯಾದವು. ಬೆಳಗ್ಗೆ ಐದರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಶಾಲೆಯ ಕಾರ್ಯಕ್ರಮ. ಸಂಜೆ ಊರಿನವರಿಗೆಲ್ಲ ಕೃಷಿ, ಆರೋಗ್ಯ ಮೊದಲಾದವು. ಒಂದು ಗ್ರಾಮಕ್ಕೆ ಒಂದೇ ಪೆಟ್ಟಿಗೆ. ಅದರ ಮುಂದೆ ಊರಿಗೆ ಊರೇ. ಅದು ಯಾರ ಮನೆಯ ಸ್ವತ್ತೂ ಆಗಿರದಿದ್ದುದರಿಂದ, ಅದರ ಮುಂದೆ ಕುಳಿತುಕೊಳ್ಳಲು ಯಾವ ಮಗುವೂ ಮನೆಯ ಯಜಮಾನನ ಅಪ್ಪಣೆಯನ್ನು ಬೇಡಿ ಆ ಪೆಟ್ಟಿಗೆಯನ್ನು ಪಡೆಯಬೇಕಾಗಿರಲಿಲ್ಲ. ಆದರೆ ಆಕಾಶದ ಎರವಲು ಮುಗಿದೊಡನೆ ಆ ಪಾಠವೂ ಮುಗಿಯಿತು. ಮಳಲಿಗೆ ಇಂಥ ಅವಧಿಯಿರಲಿಲ್ಲವಷ್ಟೆ.

೨೦೨೦ರ ಮಾರ್ಚಿಯಲ್ಲಿ ಕೊರೋನಾ ಸೋಂಕಿನಿಂದ ಶಾಲೆಗಳು ಮುಚ್ಚಿದಾಗ ಉಪಕರಣದ ಪ್ರಶ್ನೆಯು ಅತ್ಯಂತ ತೀಕ್ಷ್ಣವಾಯಿತು. ಶಾಲೆಯ ಉಪಕರಣವೂ ಮನೆಯ ಉಪಕರಣವೂ ಮತ್ತೆ ಒಂದೇ ಆದವು, ಅದು ಮೊಬೈಲು. ಜುಲೈಯಿಂದ ಚಂದನ ವಾಹಿನಿಯಲ್ಲಿ ‘ಸೇತುಬಂಧ’ವೆಂಬ ಪಾಠಗಳು ಪ್ರೌಢಶಾಲೆಯವರಿಗಾಗಿ ಬಿತ್ತರವಾದವು. ಆಗಸ್ಟಿನಲ್ಲಿ ಸರಕಾರವು ಆರಂಭಿಸಿದ ‘ವಿದ್ಯಾಗಮ’ವು ಮಕ್ಕಳನ್ನು ಮೂರು ಕಾಲ್ಪನಿಕ ಕೋಣೆಗಳಾಗಿ ವಿಂಗಡಿಸಿತು: ಯಾವ ಯಂತ್ರವೂ ಇಲ್ಲದವರು, ಸಾದಾ ಮೊಬೈಲಿರುವವರು, ಅಂತರ್ಜಾಲವುಳ್ಳ ಸ್ಮಾರ್ಟ್‌ಫೋನಿರುವವರು. ಉಪಾಧ್ಯಾಯರು ಮಕ್ಕಳಿರುವಲ್ಲಿಗೇ ಹೋಗಿ, ಗುಡಿಯ ಜಗಲಿಯಲ್ಲಿಯೋ ಮರದ ನೆರಳಿನಲ್ಲಿಯೋ ಚಿಕ್ಕ ಚಿಕ್ಕ ಗುಂಪುಗಳನ್ನು ಕೂಡಿಸಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಇದು ಅಕ್ಟೋಬರಿನಲ್ಲಿ ನಿಂತು, ೨೦೨೧ರ ಜನವರಿಯಲ್ಲಿ ಮರಳಿ ಆರಂಭವಾಯಿತು. ಯಂತ್ರವಿರುವವನ ಕಲಿಕೆಗೂ ಇಲ್ಲದವನ ಕಲಿಕೆಗೂ ನಡುವಣ ಅಂತರವನ್ನು ಮುಚ್ಚಲು ಕೊನೆಗೆ ಬೇಕಾದುದು ಜಗಲಿ, ನಾಲ್ಕಾರು ಮಕ್ಕಳು, ಪಕ್ಕದಲ್ಲಿ ಕುಳಿತ ಗುರು ಎಂಬುದು ಚರಿತ್ರೆಯನ್ನು ಬಲ್ಲವರಿಗೆ ಆಶ್ಚರ್ಯವನ್ನುಂಟುಮಾಡಲಾರದು.

ಇಡೀ ಭಾರತದ ಗ್ರಾಮಗಳ ಸ್ಥಿತಿಯನ್ನು ‘ಅಸರ್’ ಸಮೀಕ್ಷೆಗಳು ತೋರಿಸಿವೆ. ಶಾಲೆಗೆ ದಾಖಲಾದ ಮಕ್ಕಳಲ್ಲಿ ಸ್ಮಾರ್ಟ್‌ಫೋನುಳ್ಳ ಮನೆಯವರು ೨೦೧೮ರಲ್ಲಿ ಶೇಕಡ ೩೬.೫, ೨೦೨೦ರಲ್ಲಿ ೬೧.೮, ೨೦೨೧ರಲ್ಲಿ ೬೭.೬. ಉಪಕರಣವು ಹೀಗೆ ವೇಗವಾಗಿ ಹರಡಿದರೂ, ೨೦೨೧ರಲ್ಲಿ ಅಂಥ ಮನೆಗಳ ಮಕ್ಕಳಲ್ಲಿಯೇ ಕಾಲುಭಾಗಕ್ಕೂ ಸ್ವಲ್ಪ ಹೆಚ್ಚು ಮಂದಿಗೆ ಅದು ಓದಿಗಾಗಿ ಎಂದೂ ಕೈಗೆ ಸಿಕ್ಕಲಿಲ್ಲ. ೨೦೨೩ರ ಸಮೀಕ್ಷೆಯು ಹದಿನಾಲ್ಕರಿಂದ ಹದಿನೆಂಟು ವರ್ಷದವರನ್ನು ಕುರಿತುದು. ಫೋನನ್ನು ಬಳಸಬಲ್ಲವರಲ್ಲಿ, ಅದನ್ನು ಸ್ವಂತವಾಗಿ ಪಡೆದಿದ್ದ ಹುಡುಗರು ಶೇಕಡ ೪೩.೭, ಹುಡುಗಿಯರು ೧೯.೮. ಬಳ್ಳಾರಿಯ ಅರುವತ್ತು ಬಾಲಿಕೆಯರ ಕಾಲದಿಂದ ನಾಡು ಬಹುದೂರ ಬಂದಿದೆ. ಇಂದು ಬಾಲಿಕೆಯರು ಬಾಲಕರಿಗೆ ಸಮಸಮವಾಗಿ ಶಾಲೆಯಲ್ಲಿದ್ದಾರೆ. ಆದರೆ ಮನೆಗೆ ಹೊಸ ವಸ್ತುವೊಂದು ಬಂದಾಗ ಅದು ಮೊದಲು ಯಾರ ಕೈಯನ್ನು ಸೇರುತ್ತದೆಂಬ ನಿಯಮವು ಅಷ್ಟು ದೂರ ಬಂದಂತೆ ಕಾಣುವುದಿಲ್ಲ.

ಮೇಲಣ ಸಾಕ್ಷ್ಯಗಳನ್ನು ಒಟ್ಟಿಗಿಟ್ಟು ನೋಡಿದರೆ, ಹೊಸ ಯಂತ್ರವು ವಿದ್ಯೆಯನ್ನು ಕೆಡಿಸುವುದೆಂಬ ಭಯವೂ, ಯಂತ್ರವನ್ನು ಹಂಚಿದರೆ ವಿದ್ಯೆಯನ್ನು ಹಂಚಿದಂತೆಯೇ ಎಂಬ ಭರವಸೆಯೂ ಸಮನಾಗಿ ನಿರಾಧಾರವೆಂದು ತೋರುತ್ತದೆ. ಬೆಲೆಯಿಲ್ಲದ ಮಳಲು ಸಾವಿರಕ್ಕೆ ಎಂಟು ಮಂದಿಯನ್ನೂ ಮುಟ್ಟಲಿಲ್ಲ. ಬೆಲೆಬಾಳುವ ಫೋನು ಮನೆಯೊಳಗಿದ್ದೂ ಎಷ್ಟೋ ಮಕ್ಕಳ ಕೈಯನ್ನು ಮುಟ್ಟಲಿಲ್ಲ. ಮುಟ್ಟಿದೆಡೆಯಲ್ಲಿಯೂ ಪಾಠವು ನಿಂತುದು ಒಬ್ಬರನ್ನೊಬ್ಬರು ತಿದ್ದುವ ಕೂಟವಿದ್ದಾಗ. ಇಕ್ಕೇರಿಯ ದಾರಿಯ ಆ ಮೊಗಸಾಲೆಯ ನಾಲ್ವರೂ ಒಂದೇ ಎಡೆಯಲ್ಲಿ ತಪ್ಪಲಾರರೆಂಬುದು ನಿಜ. ಆ ನಾಲ್ವರಲ್ಲಿ ಬಾಲಿಕೆಯೊಬ್ಬಳೂ ಇರಲಿಲ್ಲವೆಂಬುದೂ ಅಷ್ಟೇ ನಿಜ. ಮೊದಲನೆಯ ಮಾತನ್ನು ಹೆಮ್ಮೆಯಿಂದ ಬೋಧಿಸುವ ಉಪಾಧ್ಯಾಯರು ಎರಡನೆಯದನ್ನೂ ಅದರೊಡನೆ ಬೋಧಿಸಿದರೆ ಮಾತ್ರವೇ ಈ ಚರಿತ್ರೆಯು ಪೂರ್ಣವಾಗುವುದು.